ನಾಲ್ಕನೆಯ ತೂತು

ಉಪ್ಪಳ ಪೇಟೆಯ ಹಿಂದೆ, ರೈಲು ಹಳಿಯ ಬದಿಗೆ
ಐತ್ತಪ್ಪ ಆಚಾರಿಯ ಲೇತು.
ಬಟ್ಟೆಚೀಲದಲ್ಲಿ ಹನ್ನೊಂದು ಹಾರ್ಡ್ ಡಿಸ್ಕು ಹೊತ್ತು ಹೋದೆ,
ನಮ್ಮ ಸ್ಕ್ಯಾನಿಂಗ್ ಸೆಂಟರಿನವು.
ಎಲ್ಲ ಕೆಟ್ಟವು. ಕೆಲವು ಕರೆಂಟು ಕೊಟ್ಟರೆ
ಹಲ್ಲಿಯ ಹಾಗೆ ಲೊಚಗುಟ್ಟುತ್ತವೆ,
ಕೆಲವಕ್ಕೆ ಅದೂ ಇಲ್ಲ.

"ಸತ್ತದ್ದನ್ನು ಪುನಃ ಕೊಲ್ಲುವುದು ಎಂತಕ್ಕೆ?"

ತಿರುಗದ್ದನ್ನು ಅಳಿಸಲಿಕ್ಕೆ ಆಗುವುದಿಲ್ಲ ಆಚಾರ್ರೆ.
ಬಾಯಿ ಬಿದ್ದುಹೋಗಿದೆ, ನೆನಪು ಹೋಗಲಿಲ್ಲ.
ಗುಜರಿಯಿಂದ ಯಾರದೋ ಕೈಗೆ ಸಿಕ್ಕಿ
ಅವ ಹೊಸ ಮೋಟಾರು, ಹೊಸ ಸೂಜಿ ಕೂರಿಸಿದರೆ
ಎಲ್ಲ ಹೇಳಿಬಿಡುತ್ತದೆ.

"ಓ, ನನ್ನ ಅಮ್ಮನ ಹಾಗೆ," ಅಂದರು,
ಡ್ರಿಲ್ಲಿಗೆ ಎಂಟರ ಬಿಟ್ಟು ಬಿಗಿದರು.

ಫಾರಮ್ಮು ನನ್ನ ಮಡಿಲಲ್ಲಿ.
ಸೀರಿಯಲ್ ನಂಬರು, ನಾಶದ ವಿಧಾನ, ತೂತೆಷ್ಟು, ಸಾಕ್ಷಿ.
ಮೇಲೆ ಮಲಯಾಳ, ಕೆಳಗೆ ನಾನು ಮಾಡಿದ ಕನ್ನಡ;
ನಾಶಕ್ಕೆ ಮಾತ್ರ ಬೇರೆ ಶಬ್ದ ಹುಡುಕಬೇಕಾಗಲಿಲ್ಲ.

ಮೊದಲಿನದ್ದರ ಮುಚ್ಚಳ ಬಿಚ್ಚಿ ನೋಡಿದರು:
"ಎಂಥ ಕನ್ನಡಿ ಮಾರಾಯ್ತಿ!
ಒಂದು ಗೀಟೂ ಕಾಣುವುದಿಲ್ಲವಲ್ಲ."
ಅವರ ನರೆತ ಗಡ್ಡ ಅದರಲ್ಲಿ ಅಲ್ಲಾಡಿತು.
ಅದರಡಿಗೆ ಬೇಕೂರು, ಪೈವಳಿಕೆ, ಕುಂಬಳೆ,
ಪಿತ್ತದ ಕಲ್ಲು, ಗಡ್ಡೆ,
ಎಂಟು ವಾರದ ಬಡಿತ,
ಬಡಿತ ಇಲ್ಲದ ಎಂಟು ವಾರ.

ಒಂದಕ್ಕೆ ಮೂರು ತೂತು.
ಸೀಮೆಎಣ್ಣೆ ಹನಿಸುತ್ತ, ಅವಸರವಿಲ್ಲದೆ.
ಅಲ್ಯೂಮಿನಿಯಂ ಸುರುಳಿ ಸುರುಳಿಯಾಗಿ ಏಳುತ್ತಿತ್ತು.
ಮಂಗಳೂರಿನ ಗಾಡಿ ಹೋಗುವಾಗ
ಮೇಜೆಲ್ಲ ನಡುಗಿತು, ತಡೆದು ನಿಂತರು.

ಏಳನೆಯದ್ದು.
"ಇದು ಯಾವ ವರ್ಷದ್ದು?"
ಹದಿನೆಂಟು.
"ಯಾವ ತಿಂಗಳು?"
ತಿಂಗಳು ಬರೆಯುವ ಕ್ರಮ ಇಲ್ಲ, ಅಂದೆ.
ಜೂನಿನಿಂದ ಡಿಸೆಂಬರ್ ಎಂಬ ಚೀಟಿಯ ಮೇಲೆ
ನನ್ನ ಹೆಬ್ಬೆರಳಿತ್ತು.

ಆ ಮಳೆಗಾಲ ಅವರ ಮಗಳು ವಾರಿಜ
ಒಳಗೆ ಮಲಗಿದ್ದಳು, ಇವರು ಹೊರಗೆ ಬೆಂಚಿನಲ್ಲಿ
ಒದ್ದೆ ಕೊಡೆ ಮಡಿಲಲ್ಲಿಟ್ಟು.
ನಾನು ಪರದೆಯನ್ನು ಗೋಡೆಯ ಕಡೆ ತಿರುಗಿಸಿದ್ದೆ.
ಡಾಕ್ಟ್ರು ಹೇಳುತ್ತಾರೆ, ಎಂದಿದ್ದೆ.

ಒಂದು. ಎರಡು. ಮೂರು.
ಮತ್ತೆ ಹಿಡಿ ಕೆಳಗಿಳಿಯಿತು,
ಎಲ್ಲಕ್ಕಿಂತ ನಿಧಾನ.
ನಿಲ್ಲಿಸಿ, ಕಣ್ಣಿಗೆ ಕಸ ಬಿದ್ದವರಿಗೆ ಊದುವ ಹಾಗೆ
ಮೆಲ್ಲ ಊದಿದರು.

ಮೂರು, ಎಂದು ಬರೆದೆ.

ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದರು,
ಎಣ್ಣೆ ಕಾಗದದ ಆಚೆಗೂ ಇಳಿಯಿತು.
"ಈ ಅಯಸ್ಕಾಂತ ನನಗಿರಲಿ,
ಬಿದ್ದ ಸ್ಕ್ರೂ ಹೆಕ್ಕಲಿಕ್ಕೆ ಆಗುತ್ತದೆ."
ಕೂಲಿ ಎಣಿಸಿ ಕೊಟ್ಟೆ.
ಒಂದು ನೋಟು ತಿರುಗಿ ನನ್ನ ಕೈಯಲ್ಲಿಟ್ಟು
ಹತ್ತಕ್ಕೆ ಮಾತ್ರ ತೆಗೆದುಕೊಂಡರು.