ಗೋಡೆ ಹಾಯುವ ಕೆಲಸ

ಈ ಊರಿನ ಹೆಸರು ವೂಚ್. ಹಾಗೆಂದರೆ ದೋಣಿ.
ದೋಣಿ ತೇಲುವಷ್ಟು ನೀರು ಮಾತ್ರ ಎಲ್ಲೂ ಕಾಣದು;
ಇದ್ದ ಹೊಳೆಗಳನ್ನು ಗಿರಣಿಗಳ ಕಾಲದಲ್ಲೇ
ನೆಲದಡಿಯ ಕೊಳವೆಗೆ ಇಳಿಸಿಬಿಟ್ಟರಂತೆ.
ನಾನು ಬೋಗ್ನಾ. ಹಳೆಯ ನೂಲಿನ ಗಿರಣಿಯ
ಮೂರನೇ ಮಹಡಿಯಲ್ಲಿ ಕೂತು
ದಿನಕ್ಕೆ ಎಂಟು ಗಂಟೆ ಗೋಡೆ ಹಾಯುತ್ತೇನೆ.
ಅದಕ್ಕೇ ಸಂಬಳ.

ಆಟದೊಳಗಿನ ಗೋಡೆ.
ತೆರೆಯ ಮೇಲೆ ಹೆಬ್ಬೆರಳುದ್ದದ ಹುಡುಗಿ, ಮೈಯೆಲ್ಲ ಉಣ್ಣೆ,
ಬೆನ್ನ ಹಿಂದೆ ಬಿಚ್ಚುತ್ತ ಬರುವ ಒಂದು ಕೆಂಪು ಎಳೆ.
ಕೊಕ್ಕೆಗೆ ಸಿಕ್ಕಿದರೆ ಅದು ಸೇತುವೆ,
ಗಾಲಿಗೆ ಸುತ್ತಿದರೆ ರಾಟೆ,
ಮುಗಿದರೆ ನಡಿಗೆಯೂ ಮುಗಿಯಿತು;
ಬಂದ ದಾರಿಯನ್ನೇ ಸುತ್ತಿಕೊಳ್ಳುತ್ತ ಹಿಂದಕ್ಕೆ ಹೋಗಬೇಕು.

ಅವಳನ್ನು ಮೂಲೆಮೂಲೆಗೂ ದೂಡುತ್ತೇನೆ,
ಬೀಳಬಾರದ ಕಡೆ ಬೀಳಿಸುತ್ತೇನೆ,
ಬಿರುಕು ಸಿಕ್ಕರೆ ಬರೆದಿಡುತ್ತೇನೆ:
ತಪ್ಪು ೨೧೭. ಒಲೆಯ ಹಿಂದೆ ಹುಡುಗಿ ಅರ್ಧ ಗೋಡೆಯೊಳಗೆ.
ತಪ್ಪು ೨೧೮. ಬೆಕ್ಕಿಗೆ ನೆರಳಿಲ್ಲ.

ಬಣ್ಣದವನು ತಿಮೋನ್, ಮಾತು ಕಡಿಮೆ.
ಕಿಟಕಿ ಗಾಜಿನ ಮೇಲೆ ಯಾರದೋ ಉಸಿರಿನ ಮಂಜು,
ಅದನ್ನು ಬರೆಯಲು ಹನ್ನೊಂದು ದಿನ ತೆಗೆದುಕೊಂಡ.
"ಯಾರು ನೋಡ್ತಾರೆ ಮಾರಾಯ, ಎಲ್ಲ ಓಡ್ತಾ ಇರ್ತಾರೆ" ಅಂದೆ.
"ಒಗಟು ಬಿಡಿಸೋಕಾಗದವರು ನೋಡ್ತಾರೆ.
ನಿಲ್ಲೋದು ಬಿಟ್ಟು ಅವರಿಗೆ ಬೇರೆ ಏನಿದೆ?
ನಿಂತವರ ಕೈಗೆ ಏನಾದರೂ ಕೊಡಬೇಕಲ್ಲ."

ಏಳನೇ ಕೋಣೆಯಲ್ಲಿ ನಾನೇ ನಿಂತೆ.

ಸೊಂಟದುದ್ದ ನೀರಿನಲ್ಲಿ ಅರವತ್ತು ಮಗ್ಗ.
ಆಚೆ ಬಾಗಿಲು. ಎಳೆ ಒಂದು ಗೇಣು ಸಾಲದು.
ಉತ್ತರದ ಹಾಳೆ ಮೇಜಿನ ಖಾನೆಯಲ್ಲೇ ಇತ್ತು,
ತೆಗೆಯಲಿಲ್ಲ. ಒಂದು ದಿನ, ಎರಡು ದಿನ.
ಪಿಯೆರೋಗಿ ತಣ್ಣಗಾಗಿ ಡಬ್ಬಿಗೇ ಅಂಟಿಕೊಂಡವು.
ನಿಂತಾಗ ಕಂಡದ್ದು: ಬಿಸಿಲಿನ ಕೋಲಿನಲ್ಲಿ ಹತ್ತಿಯ ಧೂಳು,
ನೀರಲ್ಲಿ ತನ್ನಷ್ಟಕ್ಕೆ ತಿರುಗುವ ಒಂದು ಲಾಳಿ,
ಮೊಳೆಗೆ ನೇತುಬಿದ್ದ ತಲೆವಸ್ತ್ರ.
ಗೆನೊವೆಫಾ ಅಜ್ಜಿ ಇದೇ ಕಟ್ಟಡದಲ್ಲಿ ನೇಯುತ್ತಿದ್ದಳು.
ಮಗ್ಗದ ಸದ್ದು ಕಿವಿ ತಿಂದಿತ್ತು,
ನಾವಾಡುವ ಮಾತನ್ನು ತುಟಿಯಲ್ಲಿ ಓದುತ್ತಿದ್ದಳು.
ನೂಲಿನಂತೆ ಸೀರೆ ಅನ್ನುತ್ತಾರೆ;
ನಾನು ಸೂಜಿಗೆ ದಾರ ಪೋಣಿಸಲೂ ಬಾರದವಳು.

ಮೂರನೇ ದಿನ, ಚಹಾ ಲೋಟ ತೊಳೆಯುವಾಗ, ಹೊಳೆಯಿತು.
ಓಡಿ ಬಂದು ಹುಡುಗಿಯನ್ನು ಹಿಂದಕ್ಕೆ ನಡೆಸಿ
ಮೊದಲನೇ ಕೊಕ್ಕೆಯ ಗಂಟು ಬಿಚ್ಚಿದೆ.
ಮನೆಗೆ ಮರಳುವ ಸೇತುವೆ ಸದ್ದಿಲ್ಲದೆ ಬಿತ್ತು.
ಎಳೆ ಸಡಿಲಾಯಿತು, ಗೇಣಿಗೆ ಗೇಣು ಸೇರಿತು.
ಹೆಗಲಿಂದ ತಲೆಗೂದಲಿನವರೆಗೆ ಜುಮ್ಮೆಂದದ್ದನ್ನು
ಯಾವ ಖಾನೆಯಲ್ಲಿ ಬರೆಯಲಿ?
ಆಟ ಒಂದು ಶಬ್ದ ಹೇಳಿಕೊಟ್ಟಿರಲಿಲ್ಲ,
ಬಿದ್ದಾಗ ಬೈದಿರಲಿಲ್ಲ, ಗೆದ್ದಾಗ ಚಪ್ಪಾಳೆಯೂ ಇಲ್ಲ.
ಬಾಗಿಲು ತೆರೆಯಿತು, ಅಷ್ಟೇ.

ಹೋಗಲಿಲ್ಲ. ಹೊಸ್ತಿಲಲ್ಲಿ ಸುಮ್ಮನೆ ನಿಲ್ಲಿಸಿದೆ ಅವಳನ್ನು.
ನಾಲ್ಕು ನಿಮಿಷವಾಗಿರಬೇಕು,
ನೆಲ ಕೈಬಿಟ್ಟಿತು.
ಹುಡುಗಿ ಕೆಳಗೆ, ಇನ್ನೂ ಕೆಳಗೆ,
ಯಾರೂ ಬಣ್ಣ ಹಚ್ಚದ ಬೂದಿಯೊಳಗೆ ಇಳಿಯುತ್ತ ಹೋದಳು;
ಮೇಲೆ ಇಡೀ ಗಿರಣಿ, ಏಳೂ ಕೋಣೆ ಒಟ್ಟಿಗೆ,
ಕತ್ತಲಲ್ಲಿ ತೂಗುವ ಲಾಂದ್ರದ ಹಾಗೆ,
ಮತ್ತೆ ಒಂದು ಕೋಣೆಯಿಂದ ಇನ್ನೊಂದಕ್ಕೆ
ಅವಳು ನಡೆದ ಅಷ್ಟೂ ಕೆಂಪು.

ಕೆಲಸ ಕೆಲಸವೇ. ಬರೆದೆ:
ತಪ್ಪು ೪೧೨. ಏಳನೇ ಕೋಣೆ, ಹೊಸ್ತಿಲು.
ಮರಳಿ ಕಾಣಲು: ನಿಲ್ಲಬೇಕು. ಏನೂ ಒತ್ತಬಾರದು.
ಎಷ್ಟು ಗಂಭೀರ ಎಂಬ ಖಾನೆ ಖಾಲಿ ಬಿಟ್ಟೆ.

ಸಂಜೆ ಎಂಜಿನಿಯರ್ ವಿಟೋಲ್ಡ್‌ನ ಉತ್ತರ:
"ಅಷ್ಟು ಹೊತ್ತು ಯಾರೂ ನಿಲ್ಲುವುದಿಲ್ಲ. ಇರಲಿ ಬಿಡಿ."

ಟ್ರಾಮ್ ನಿಲ್ದಾಣದಲ್ಲಿ ಹಿಮ ಕರಗಿ ರಾಡಿ.
ಮೋರಿಯ ಜಾಲರಿಯ ಕೆಳಗೆ ಏನೋ ಹರಿಯುವ ಸದ್ದು.
ಎರಡು ಟ್ರಾಮ್ ಬಿಟ್ಟೆ.