ಚೆಯ್ಯಬ್ಬಾಕನ ಲೆಕ್ಕ

ಕ್ಲಬ್ಬಿನ ಐವತ್ತರ ಸಂಚಿಕೆಗೆ ಹದಿನಾಲ್ಕನೇ ಪುಟ ಖಾಲಿ ಇಟ್ಟಿದ್ದಾರೆ.
ಮೇಲೊಂದು ಫೋಟೊ, ಕೆಳಗೆ ನಾಲ್ಕು ಕಾಲಮ್ಮು:
ವರ್ಷ, ತಂಡ, ಪಂದ್ಯ, ಗೋಲು.
ಫೆರಿಯಲ್ಲಿ ಟಿಕೇಟು ಹರಿಯುವವನ ಅಕ್ಷರ ಚೆಂದವೆಂದು
ಕೆಲಸ ನನ್ನ ತಲೆಗೆ ಕಟ್ಟಿದರು.

ಹೋದೆ. ಬೆಂಗ್ರೆಯ ಮರಳಿನಲ್ಲಿ ಕೂತು
ಗೋಲುಕಂಬಕ್ಕೆ ಬಲೆ ಹೊಲಿಯುತ್ತಿದ್ದರು,
ಯಾವುದೋ ದೋಣಿ ಬಿಸಾಡಿದ ಬಲೆ,
ಬಂಗುಡೆಯ ಹುರುಪೆ ಇನ್ನೂ ಅಂಟಿಕೊಂಡದ್ದು.
"ಎಂತ ಬರೆಯುದು ನೀನು? ಕೂತ್ಕೊ. ಬರೆ."

ಎಪ್ಪತ್ತೊಂದು. ಹಂಚಿನ ಕಾರ್ಖಾನೆ.
ಹಗಲಿಡೀ ಹಸಿ ಹಂಚು ಹೊರುವುದು, ಐದಕ್ಕೆ ಸೈರನ್ನು,
ಐದೂ ಕಾಲಿಗೆ ನೆಹರೂ ಮೈದಾನ.
ಇದ್ದದ್ದು ಒಂದೇ ಜೋಡಿ ಬೂಟು.
ಎಡದ್ದು ಎಡ ಅಂಚಿನ ಇವರಿಗೆ,
ಬಲದ್ದು ಬಲ ಅಂಚಿನ ಬೊನಿಫಾಸನಿಗೆ,
ನಡುವೆ ಅರವತ್ತು ಗಜ ಕೆಂಪು ಧೂಳು.
"ಎಷ್ಟು ಪಂದ್ಯ?"
"ಮಳೆಗಾಲ ಬಿಟ್ಟು ಎಲ್ಲ ಶನಿವಾರ."
ಶನಿವಾರಗಳನ್ನು ಕೂಡಿಸಿದೆ, ಬೆರಳು ಮಡಚಿ.

ಎಪ್ಪತ್ತೈದು. ಕಲ್ಲಿಕೋಟೆ. ಎರಡು ಸೀಸನ್ನು.
"ಅಲ್ಲಿ ಹುಲ್ಲು. ಬಿದ್ದೆ, ನೋಯಲೇ ಇಲ್ಲ.
ಎದ್ದು, ಯಾರೂ ಮುಟ್ಟದೆಯೇ, ಇನ್ನೊಮ್ಮೆ ಬಿದ್ದೆ."

ಎಪ್ಪತ್ತೆಂಟು. ಕಲ್ಕತ್ತ.
ಪಂದ್ಯ ಒಂದು. ಅದರಲ್ಲೂ ಇಪ್ಪತ್ತು ನಿಮಿಷ.
ಮೊಣಕಾಲು ಸದ್ದು ಮಾಡಿತಂತೆ,
ಮಾಡಿನ ಮೇಲೆ ನಡೆವಾಗ ಒಂದು ಹಂಚು ಒಡೆದ ಹಾಗೆ.
ಟ್ರಂಕಿನ ಮೇಲೆ ಕಾಲು ಚಾಚಿ ಮೂರು ದಿನ ರೈಲು.
ಊರಿನ ಸ್ಟೇಷನ್ನಿನಲ್ಲಿ ಇಳಿಸಿಕೊಳ್ಳಲು ಬಂದವನು ಬೊನಿಫಾಸ್,
ಎರಡೂ ಕಾಲಿಗೆ ಚಪ್ಪಲಿ ಹಾಕಿಕೊಂಡು.

"ಗೋಲು ಒಟ್ಟು ಮೂವತ್ತು" ಎಂದೆ.
"ಇಪ್ಪತ್ತೊಂಬತ್ತು."
ಮತ್ತೆ ಕೂಡಿಸಿದೆ. ಮೂವತ್ತೇ.
"ಕಲ್ಲಿಕೋಟೆಯದ್ದು ಒಂದು ಕೈಗೆ ತಾಗಿತ್ತು."
"ರೆಫರಿ ಕೊಟ್ಟಿದ್ದಾನಲ್ಲ ಚೆಯ್ಯಬ್ಬಾಕ?"
"ಅವನು ಕೊಟ್ಟ. ಇವರೆಲ್ಲ ಹೆಗಲ ಮೇಲೆ ಹೊತ್ತು ಕುಣಿದರು.
ಇಳಿಸಿ ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರಲಿಲ್ಲ."
ಸೂಜಿ ಬಲೆಯ ಕಣ್ಣಿಗೆ ಹೊಕ್ಕು ಹೊರಬಂತು.
"ನಲ್ವತ್ತೈದು ವರ್ಷವಾಯ್ತು. ಈಗಲಾದರೂ ಇಳಿಸು."

ಆಮೇಲೆ ಮ್ಯಾನೇಜರು. ಎಂಬತ್ತೊಂದರಿಂದ, ನಿನ್ನೆಯವರೆಗೆ.
ಬೆಳಗಿನ ಮೂರಕ್ಕೆ ದಕ್ಕೆಯಲ್ಲಿ ಐಸು ಪುಡಿ ಮಾಡುವುದು,
ಸಂಜೆಗೆ ನಮ್ಮನ್ನು.
ಮ್ಯಾನೇಜರೆಂದರೆ ಹನ್ನೊಂದು ಜನರ ಫೆರಿ ಬಾಡಿಗೆ,
ನಾಲ್ಕು ಲಿಂಬೆ, ಒಂದು ಪಂಪು,
ಸುಣ್ಣದ ಗೆರೆಯ ಆಚೆ ನಿಂತು
ನೋಯುವ ಕಾಲನ್ನು ಇನ್ನೊಬ್ಬನ ಕಾಲಿನಿಂದ ಓಡಿಸುವುದು.

"ಗೆಲುವೆಷ್ಟು, ಸೋಲೆಷ್ಟು?"
"ಅದು ಸೋತವರಲ್ಲಿ ಕೇಳು, ಅವರಿಗೆ ನೆನಪಿರ್ತದೆ.
ಹೊಳೆಗೆ ಹೋದ ಚೆಂಡು ಹದಿನೇಳು. ಬರೆ.
ತಿರುಗಿ ಸಿಕ್ಕಿದ್ದು ಹದಿನಾರು."

ಹದಿನೇಳನೆಯದು ನನಗೆ ಗೊತ್ತು.
ನಾನೇ ಒದ್ದದ್ದು. ಇಳಿತದ ಹೊತ್ತು.
ನೀರು ಅಳಿವೆಬಾಗಿಲಿಗೆ ಮುಖ ಮಾಡಿ ನಿಂತಿರಲಿಲ್ಲ, ಹೊರಟೇಬಿಟ್ಟಿತ್ತು.
ಹಾರಲು ಕಾಲೆತ್ತಿದ್ದೆ.
ಕಾಲರು ಹಿಡಿದೆಳೆದ ಕೈ, ಐಸಿನಷ್ಟು ತಣ್ಣಗೆ.
ಬೈಯಲಿಲ್ಲ. ಎಲ್ಲರನ್ನೂ ದಡದಲ್ಲಿ ಕೂರಿಸಿ
ಚೆಂಡು ಚಿಕ್ಕದಾಗುವುದನ್ನು ತೋರಿಸಿದರು,
ಕಿತ್ತಳೆಯಷ್ಟು, ನೆಲ್ಲಿಕಾಯಿಯಷ್ಟು,
ಕೊನೆಗೆ ಹೊಸ ಚೆಂಡಿನ ಬೆಲೆ ಹೇಳಿದರು.
ಆರು ಪಂದ್ಯ ಬೆಂಚಿನಲ್ಲಿ ಕೂತೆ.
ಎಷ್ಟೋ ವರ್ಷ ಆ ಆರನ್ನೇ ಎಣಿಸುತ್ತಿದ್ದೆ ನಾನು.

ಸಮಿತಿಯವರು ಹಾಳೆ ನೋಡಿ ನಕ್ಕರು.
ಮೂವತ್ತು ಎಂದರೆ ಒಂದು ತೂಕ ಇರ್ತದೆ ಮಾರಾಯ,
ಚೆಂಡಿನ ಸುದ್ದಿ ಯಾಕೆ, ಕಪ್ಪು ಎಷ್ಟು ಅದು ಹಾಕು.
ಪ್ರೆಸ್ಸಿಗೆ ಹೋಗುವ ದಿನ ಪ್ರೂಫು ನನ್ನ ಕೈಯಲ್ಲಿತ್ತು.
ಮೂವತ್ತರ ಮೇಲೆ ಗೀಟು ಎಳೆದೆ.
ಸೊನ್ನೆಯ ಹೊಟ್ಟೆಗೆ ಪೆನ್ನು ಸ್ವಲ್ಪ ಜೋರಾಗಿಯೇ ತಾಗಿ
ಕಾಗದ ಹರಿಯಿತು.

ಅವತ್ತು ಕೊನೆಯ ಫೆರಿ ಬಿಟ್ಟಾಗ
ದಡದಿಂದ ಕೂಗಿದ್ದರು, ಕೈಯಲ್ಲಿ ಬಲೆ ಹಾಗೇ ಇತ್ತು:
"ಬಲಗಾಲಿನ ಬೂಟು ಬೊನಿಫಾಸನದ್ದು.
ಅದು ಬರೆದ್ಯಾ?"
ಇಂಜಿನ್ನು ಕೆಮ್ಮಿತು. ಯಾವ ಕಾಲಮ್ಮಿಗೆ ಅಂತ
ನಾನು ಕೇಳುವಷ್ಟರಲ್ಲಿ
ನಡುವೆ ಅರವತ್ತು ಗಜ ನೀರು.