ಅನುಬಂಧ

ನಲವತ್ತೆರಡು ಕಾರಣಗಳ ಪಟ್ಟಿ ಹಿಡಿದು
ಸಾಲಗಾಮೆ ರಸ್ತೆಯ ಆ ಅರೆಕಟ್ಟಡಕ್ಕೆ ಹೋದೆ.
ಹೆಲ್ಮೆಟ್ಟು ಕಾಲೇಜಿನದು, ನನ್ನ ತಲೆಗೆ ದೊಡ್ಡದು.
ಒಂದು ಅಂದರೆ ‘ಖಂಡಿತ ಅಲ್ಲ’, ಐದು ಅಂದರೆ ‘ಖಂಡಿತ ಹೌದು’,
ನಡುವಿನ ಮೂರು ಗೊತ್ತಿಲ್ಲದವರಿಗೆ,
ಗೊತ್ತಿದ್ದೂ ಹೆದರುವವರಿಗೆ.

ಕಟ್ಟಡ: ಹೆಣ್ಣುಮಕ್ಕಳ ಹಾಸ್ಟೆಲ್, ನಾಲ್ಕು ಮಹಡಿ.
ಒಪ್ಪಂದದ ಅವಧಿ ಹದಿನೆಂಟು ತಿಂಗಳು.
ನಾನು ಮೊದಲ ವರ್ಷ ಸೇರಿದಾಗ ಪಾಯ ತೋಡುತ್ತಿದ್ದರು,
‘ಬರುವ ವರ್ಷ ನಿನಗೆ ಅಲ್ಲೇ ರೂಮು’ ಎಂದಿದ್ದರು ವಾರ್ಡನ್.
ಈಗ ಎಂಟನೇ ಸೆಮಿಸ್ಟರು.
ತಣ್ಣೀರುಹಳ್ಳದ ಬಾಡಿಗೆ ಕೋಣೆಯಿಂದ ಬಂದು
ನನಗೆ ಸಿಗದ ಕೋಣೆಯ ಬಾಗಿಲ ಚೌಕಟ್ಟಿನಲ್ಲಿ ನಿಂತು
ಕೇಳುತ್ತಿದ್ದೇನೆ: ತಡ ಯಾಕಾಯಿತು?

ಪಟ್ಟಿಯೂ ನನ್ನದಲ್ಲ.
ಯಾವುದೋ ದೇಶದ ಪ್ರಬಂಧದಿಂದ ಇಳಿಸಿಕೊಂಡದ್ದು,
ಅದರಲ್ಲಿ ಇಪ್ಪತ್ತೊಂಬತ್ತನೆಯ ಕಾರಣ ಹಿಮಪಾತ.
ಕಂಬಿ ಕಟ್ಟುವ ಮೌಲಾಲಿ ಅದನ್ನು ಎರಡು ಸಲ ಓದಿಸಿ ನಕ್ಕ:
‘ಐದು ಹಾಕ್ರಿ ಮೇಡಂ,
ಡಿಸೆಂಬರ್‌ದಾಗ ನಿಮ್ಮ ಹಾಸನ ಹಂಗ ಐತಿ.’
ಆಲೂಗೆಡ್ಡೆ ಕೀಳುವ ವಾರ ಇರಲಿಲ್ಲ ಅದರಲ್ಲಿ,
ಸುತ್ತಿನ ಹಳ್ಳಿಯ ಆಳೆಲ್ಲ ಹೊಲಕ್ಕಿಳಿದು
ಮಿಕ್ಸರು ಬಾಯ್ತೆರೆದುಕೊಂಡು ನಿಲ್ಲುವ ವಾರ.
ಹಾಸನಾಂಬೆ ಬಾಗಿಲು ತೆರೆದ ದಿನಗಳಲ್ಲಿ
ಜಲ್ಲಿ ಲಾರಿಗಳನ್ನು ಬೈಪಾಸಿನಲ್ಲೇ ತಡೆಯುತ್ತಾರಲ್ಲ, ಅದೂ ಇರಲಿಲ್ಲ.
ಪೆನ್ನಿನಲ್ಲಿ ಸೇರಿಸಿಕೊಂಡೆ: ನಲವತ್ತಮೂರು, ನಲವತ್ತನಾಲ್ಕು.

ಕಂಟ್ರಾಕ್ಟರು ಕಾರಿನಿಂದ ಇಳಿಯದೆಯೇ
ಎಲ್ಲಕ್ಕೂ ಮೂರು ಹಾಕುತ್ತ ಹೋದರು.
ಬಿಲ್ಲು ಪಾಸಾಗದ ಪ್ರಶ್ನೆ ಬಂತು. ಪೆನ್ನು ನಿಂತಿತು.
ಐದರ ಮೇಲೆ ಒಂದು ಸುತ್ತು, ಮತ್ತೊಂದು ಸುತ್ತು,
ಕಾಗದ ಹರಿಯುವವರೆಗೆ.
‘ಹೆಸರು ಹಾಕಬೇಡಮ್ಮ.’
ಹಾಕುವುದಿಲ್ಲ ಸಾರ್. ನೀವು ಆರ್-ಹದಿನೇಳು.

ಮೂರನೇ ಮಹಡಿಯ ತಾರಸಿಯ ಮೇಲೆ ಹುಲಿಗೆಮ್ಮ.
ಗಾರೆಯ ಗೇಣುದ್ದದ ಬದು ಕಟ್ಟಿ
ಗದ್ದೆಯ ಮಡಿ ಹಾಗೆ ನೀರು ನಿಲ್ಲಿಸಿದ್ದಳು,
ಮಡಿಯಿಂದ ಮಡಿಗೆ ಪೈಪು ಎಳೆಯುತ್ತಿದ್ದಳು.
ಬರೆಯಲು ಬಾರದು ಅಂದಳು;
ಒಂದರಿಂದ ಐದು, ಬೆರಳಿನಲ್ಲಿ ತೋರಿಸಿದರೆ ಸಾಕು ಎಂದೆ.
ಎರಡೂ ಕೈಯಲ್ಲಿ ಪೈಪಿತ್ತು.

‘ಯಾವ್ದು ತಡ?
ಹಾಕಿ ಒಂಬತ್ತು ದಿನ ಆತು, ಇನ್ನಾ ಹಸಿ ಐತಿ ಒಳಗ.
ಮ್ಯಾಲ ಒಣಗಿದಂಗ ಕಾಣ್ತದ,
ಒಂದಿನ ನೀರು ತಪ್ಪಿದ್ರ ಕೂದಲೆಳಿಯಂಗ ಬಿರೀತದ.
ಬಾಣಂತಿನ್ನ ಎಬ್ಬಿಸಿ ಕೆಲಸಕ್ಕ ಹಚ್ತಾರೇನು?
ಬಿಲ್ಲಂತ, ಮರಳಂತ, ಸಾಹೇಬ್ರು ಬರಲಿಲ್ಲಂತ
ನಿಂತ್ರಲ್ಲ, ಅದು ತಡ.
ಇದಕ್ಕ ತಡ ಅನಬ್ಯಾಡ. ಇದು ಕುಡಿಯೂ ಹೊತ್ತು.’

ನನ್ನ ಬಾರ್ ಚಾರ್ಟಿನಲ್ಲಿ ಆ ದಿನಗಳು ಕೆಂಪು.
ಸೈಟಿನ ದಿನಚರಿಯಲ್ಲೂ ಅಷ್ಟೆ: ‘ಕೆಲಸ ಇಲ್ಲ.’
ಮಸ್ಟರ್ ರೋಲಿನಲ್ಲಿ ಅವಳ ಹೆಸರು ಹುಡುಕಿದೆ,
‘ವಾಟರ್‌ಮನ್, ಒಬ್ಬ’ ಎಂದಿತ್ತು.

ರಾತ್ರಿ ಒಂದೊಂದೇ ಚೌಕದ ಕೆಂಪು ಅಳಿಸಿ ನೀಲಿ ತುಂಬಿದೆ.
ಅರವತ್ತೊಂದು ದಿನ ವಿಳಂಬದ ಲೆಕ್ಕದಿಂದ ಇಳಿದವು.
ಗೈಡು ಕನ್ನಡಕ ಮೇಲೇರಿಸಿದರು:
‘ಒಬ್ಬಳ ಮಾತಿಗೆ ಸರಾಸರಿ ಎಲ್ಲಿಂದ ತರ್ತೀಯ?
ಅನುಬಂಧಕ್ಕೆ ಹಾಕು.’
ಹಾಕಿದೆ. ಪುಟ ಎಪ್ಪತ್ತಮೂರು.
‘ವಾಟರ್‌ಮನ್’ ಹೊಡೆದು ಹುಲಿಗೆಮ್ಮ ಎಂದು ಬರೆದೆ,
ಕೇಳಿ, ಅವಳು ಹೂಂ ಅಂದ ಮೇಲೆ.

ಸಲ್ಲಿಸುವ ಗಡುವು ಮೀರಿ ನಾಲ್ಕು ದಿನ.
ಬೈಂಡಿಂಗ್ ಅಂಗಡಿಯವನು ವರದಿಯ ಬೆನ್ನಿಗೆ ಗೋಂದು ಬಳಿದು
ಮೇಲೊಂದು ಕಲ್ಲು ಹೇರಿ,
ಸಂಜೆ ಬಾ ಎಂದ. ಹೋಗದೆ ಬೆಂಚಿನ ಮೇಲೆ ಕೂತೆ.
ಎದುರಿನ ಹೊಸ ಗೋಡೆಗೆ ಯಾರೋ
ಮಗ್ಗಿನಿಂದ ನೀರು ಎರಚುತ್ತಿದ್ದರು.
ಬಿಸಿಲಿಗೆ ಕಾದ ಗೋಡೆ
ಸುಂಯ್ ಎಂದು ಎಳೆದುಕೊಳ್ಳುತ್ತಿತ್ತು.